ಎದುರು ಮನೆ ಆಂಟಿಯ ಫೋಟೋ

ಎಲ್ಲಾ ಫೈಲು ಪೆನ್‌ಡ್ರೈವ್‌ಗೆ ಕಾಪಿ ಆಗುತ್ತಿದ್ದದ್ದು ಅರ್ಧಕ್ಕೇ ನಿಂತಿತು. ಕಂಪ್ಯೂಟರ್ ಮತ್ತೆ ಆಫ್. ಒಳಗಿನ ಫ್ಯಾನ್ ತಿರುಗುತ್ತಿರಲಿಲ್ಲ, ಕಾದು ಕಾದು ತಾನೇ ಬಂದ್ ಆಗುತ್ತಿತ್ತು. ಸಿಪಿಯು ಪಕ್ಕದ ತಗಡು ಬಿಚ್ಚಿ ಬಾಯಿಂದ ಊದಿದೆ. ಕೆಂಪು ಧೂಳು ಮುಖಕ್ಕೆ ಹಾರಿತು. ಕುಂಕುಮ... ಜೊತೆಗೆ ಹಳೇ ಊದುಬತ್ತಿ ವಾಸನೆ. ಎದುರು ಮನೆ ಆಂಟಿ ಬಂದು ನಿಂತ ಹಾಗಾಯಿತು.

ಬಿಚ್ಚಿದ್ದೂ ಅವರಿಗಾಗಿಯೇ. ಅವರ ಒಂದು ಫೋಟೋ ಇದರಲ್ಲಿತ್ತು. ಆ ಫೋಟೋ ಬೇರೆಲ್ಲೂ ಇರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಗೆಳೆಯ ನಕ್ಕ. "ಮಗಾ, ಇದೇನ್ ಸಿಪಿಯುನಾ, ಮಾರಮ್ಮನ ಗುಡಿನಾ? ಗುಜರಿಗೆ ಹಾಕ್ ಗುರು."

"ಬಾಯ್ ಮುಚ್ಕೊಂಡು ಆ ಟೇಬಲ್ ಫ್ಯಾನ್ ಈ ಕಡೆ ತಿರುಗ್ಸು."

ಅಕ್ಕನ ಡಿಗ್ರಿಗೆ ಅಂತ ಬಂದ ಕಂಪ್ಯೂಟರ್ ಅದು. ನಾಯಂಡಹಳ್ಳಿಯ ನಮ್ಮ ಗಲ್ಲಿಯಲ್ಲಿ ಆಯುಧ ಪೂಜೆ ದಿನ ಯಾರ ಗಾಡಿಗೇ ಆಗಲಿ, ಮಿಷಿನ್‌ಗೇ ಆಗಲಿ, ಮೊದಲ ಬೊಟ್ಟು ಆಂಟಿಯೇ ಇಡಬೇಕಿತ್ತು. ಯಾಕೆ ಅಂತ ಯಾರೂ ಕೇಳಿರಲಿಲ್ಲ. ಒಂದು ವರ್ಷ ಅವರ ಗಂಡ ತೀರಿಕೊಂಡರು. ಇನ್ನು ಪೂಜೆಗೆ ಬರುವುದಿಲ್ಲ ಅಂದುಕೊಂಡೆವು.

ಬಂದರು. ಕೈಯಲ್ಲಿ ಅದೇ ತಟ್ಟೆ, ಹಣೆಯ ಮೇಲೆ ಮೊದಲಿಗಿಂತ ದೊಡ್ಡ ಬೊಟ್ಟು.

ನಮ್ಮ ಬಾಗಿಲಲ್ಲಿದ್ದ ಪಕ್ಕದ ಮನೆ ಹೆಂಗಸು ಗೊಣಗಿದಳು. "ಇನ್ನೂ ವರ್ಷ ತುಂಬಿಲ್ಲ, ಇವರ ಕೈಲಿ ಪೂಜೆನಾ?"

ಆಂಟಿ ತಿರುಗಿದರು.

"ಸತ್ತಿದ್ದು ಅವರು ಕಣೇ. ನಾನಲ್ಲ. ಬೊಟ್ಟು ನಾನು ತೊಟ್ಲಲ್ಲಿದ್ದಾಗಿಂದ ಇದೆ, ಅವರು ತಂದ್ಕೊಟ್ಟಿದ್ದಲ್ಲ."

ಅದೇ ಸಿಟ್ಟಿನಲ್ಲಿ ಒಂದು ಹಿಡಿ ಕುಂಕುಮ ಎತ್ತಿ ಸಿಪಿಯು ಮೇಲೆ ಸುರಿದರು. ಗಾಳಿಯಾಡುವ ತೂತುಗಳ ಮೇಲೇ. ಅಕ್ಕ ಚೀರಿದಳು.

"ಅಯ್ಯೋ ಆಂಟಿ, ಒಳಗೆ ಹೋಗತ್ತೆ!"

"ಹೋಗ್ಲಿ ಬಿಡು. ಅದಕ್ಕೂ ಸ್ವಲ್ಪ ಬುದ್ಧಿ ಬರ್ಲಿ."

ಆಗಲೇ ನಾನು ಅಕ್ಕನ ಮೊಬೈಲಿನಲ್ಲಿ ಫೋಟೋ ಹೊಡೆದಿದ್ದು. ಆ ಮೊಬೈಲ್ ಯಾವತ್ತೋ ಹೋಯಿತು. ಫೋಟೋ ಕಂಪ್ಯೂಟರಿನಲ್ಲಿ ಉಳಿಯಿತು. ಆಂಟಿ ಆಮೇಲೆ ಯಾವ ವರ್ಷವೂ ಪೂಜೆ ಬಿಡಲಿಲ್ಲ, ಬೊಟ್ಟೂ ಬಿಡಲಿಲ್ಲ. ಕಣ್ಣು ಮಂಜಾದ ಮೇಲೆ ಕನ್ನಡಿ ಇಲ್ಲದೆ ಬೆರಳಲ್ಲೇ ತಡಕಿ ಇಡುತ್ತಿದ್ದರು. ಸೊಟ್ಟಗಾಗುತ್ತಿತ್ತು...

ಹೋದ ತಿಂಗಳು ತೀರಿಕೊಂಡರು. ತಿಥಿ ಊಟಕ್ಕೆ ಹೋದರೆ ಗೋಡೆಯ ಮೇಲೆ ಹಾರ ಹಾಕಿದ ಫೋಟೋ. ಹಣೆ ಖಾಲಿ. ಗುರುತೇ ಸಿಗಲಿಲ್ಲ.

"ಅಣ್ಣ, ಬೊಟ್ಟೆಲ್ಲಿ?" ಅಂತ ಅವರ ಮಗನನ್ನು ಕೇಳಿದೆ.

"ಸ್ಟುಡಿಯೋದವರ ಕೈಲಿ ಅಳಿಸ್ದೆ ಕಣೋ. ನೆಂಟ್ರು ಮಾತಾಡ್ಕೋತಾರೆ. ಇನ್ಮೇಲೆ ಎಲ್ಲಾ ಕಡೆ ಇದೇ ಫೋಟೋ ಇರತ್ತೆ."

"ಎಲ್ಲಾ ಕಡೆ ಇರಲ್ಲ," ಅಂದು ಎಲೆ ಬಿಟ್ಟು ಎದ್ದು ಬಂದೆ.

ಅದಕ್ಕೇ ಈ ಹಟ. ಟೇಬಲ್ ಫ್ಯಾನ್ ಗಾಳಿ ನೇರ ಒಳಗೆ ಬಿಟ್ಟು ಮತ್ತೆ ಆನ್ ಮಾಡಿದೆ. ಈ ಸಲ ಅಕ್ಕನ ಪ್ರಾಜೆಕ್ಟು, ಹಾಡು, ಸಿನಿಮಾ ಯಾವುದನ್ನೂ ಮುಟ್ಟಲಿಲ್ಲ. ಆ ಒಂದೇ ಫೋಟೋ ಎಳೆದು ಪೆನ್‌ಡ್ರೈವ್‌ಗೆ ಹಾಕಿದೆ. ಬಂತು. ಕಂಪ್ಯೂಟರ್ ಮತ್ತೆ ಆಫ್ ಆಯಿತು, ಆಮೇಲೆ ಏಳಲೇ ಇಲ್ಲ.

ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅವರ ಮಗನಿಗೆ ಕೊಟ್ಟೆ. ಬೇಡ ಅಂದ. ನಮ್ಮ ಮನೆಯ ಹೊರಗೋಡೆಗೇ ಮೊಳೆ ಹೊಡೆದು ನೇತುಹಾಕಿದೆ. ಅವನು ಬಾಗಿಲು ತೆಗೆದರೆ ಎದುರಿಗೆ ಕಾಣುತ್ತದೆ. ಗಲ್ಲಿಯವರು ಏನಾದರೂ ಅಂದುಕೊಳ್ಳಲಿ. ಆಂಟಿ ಇದ್ದಿದ್ದರೆ ಅವರೇ ಉತ್ತರ ಕೊಡುತ್ತಿದ್ದರು. ಈಗ ಇಲ್ಲ... ನಾನು ಕೊಡುತ್ತೇನೆ.

ಅಷ್ಟೇ. ಇನ್ನು ಹೇಳುವುದಕ್ಕೇನೂ ಇಲ್ಲ.