ಅವ್ವನ ಹೆಬ್ಬೆಟ್ಟು ಕದ್ದವನು

"ಹೋಗ್ಲಿ ಬಿಡು, ದೇವರು ನೋಡ್ಕೊಳ್ತಾನ" ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದೇವರಿಗೆ ಬೇರೆ ಕೆಲಸವಿಲ್ಲವೇ? ನಮ್ಮವ್ವನ ಹೆಸರು ಕದ್ದವನನ್ನು ನಾನೇ ಹುಡುಕಿ ಹಿಡಿದೆ. ಅದಕ್ಕಾಗಿ ಇವತ್ತಿಗೂ ನನಗೆ ಎಳ್ಳಷ್ಟೂ ಬೇಜಾರಿಲ್ಲ.

ತೆಲಂಗಾಣ ಬಂದು, ನಾರಾಯಣಪೇಟೆಗೂ ಜಿಲ್ಲೆಯ ಬೋರ್ಡು ಬಿದ್ದ ಹೊಸದರ ಮಾತು. ನಾನು ಮಕ್ತಲದಲ್ಲಿ ಕನ್ನಡ ಶಾಲೆಯ ಟೀಚರು. ತವರುಮನೆ ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ. ಅವ್ವ, ಅಣ್ಣ, ಅತ್ತಿಗೆ ಮೂವರೂ ಮಗ್ಗದ ಮೇಲೆ ದುಡಿಯುವವರು. ಅವ್ವನಿಗೆ ಹಣೆತುಂಬ ವಿಭೂತಿ, ಬಾಯಿತುಂಬ ಅಧಿಕಾರ. ಓಣಿಯಲ್ಲಿ ಚೊಚ್ಚಲ ಬಸುರಿಗೆ ಕುಬಸ ಮಾಡಲಿ, ಅತ್ತೆ ಸೊಸೆ ಜುಟ್ಟು ಹಿಡಿದುಕೊಳ್ಳಲಿ, ಮೊದಲ ಕರೆ ಅವ್ವನಿಗೇ ಬರುತ್ತಿತ್ತು.

ಜನ್ಮವಿಡೀ ನೂಲು ತಿಕ್ಕಿ ಅವ್ವನ ಹೆಬ್ಬೆರಳು ನುಣ್ಣಗಾಗಿಬಿಟ್ಟಿದೆ. ರೇಷನ್ ಅಂಗಡಿಯ ಮಷೀನು ಅದನ್ನು ಸುಲಭಕ್ಕೆ ಗುರುತಿಸುವುದಿಲ್ಲ. ಅವಳೊಬ್ಬಳದಲ್ಲ, ಇಡೀ ಓಣಿಯ ಕೈಗಳ ಹಣೆಬರಹವೇ ಅಷ್ಟು. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿದೆ. ಹೆಬ್ಬೆರಳನ್ನು ತಲೆಯ ಎಣ್ಣೆಗೂದಲಿಗೆ ಉಜ್ಜಬೇಕು, ಸೆರಗಿಗೆ ಒರೆಸಬೇಕು, ಶಿವನ ಹೆಸರು ಹೇಳಿ ಒತ್ತಬೇಕು. ಬರಲಿಲ್ಲವೆಂದರೆ ಮತ್ತೆ ಉಜ್ಜಬೇಕು, ಮತ್ತೆ ಒತ್ತಬೇಕು. ಒಮ್ಮೆಗೇ ಬಂತೆಂದರೆ ಅವತ್ತು ಮನೆಯಲ್ಲಿ ಅದೇ ಸುದ್ದಿ. ಹೀಗಾಗಿ "ಇನ್ನೊಮ್ಮೆ ಇಡ್ರಿ" ಎಂದವನನ್ನು ನಮ್ಮ ಓಣಿಯವರು ಯಾಕೆಂದು ಕೇಳುವವರಲ್ಲ.

ಅವ್ವನ ಫೋನಿಗೆ ಹೊಸ ಸಿಮ್ ಬೇಕಾಗಿ ನಾವಿಬ್ಬರೂ ಬಸ್‌ಸ್ಟ್ಯಾಂಡಿನ ಮುಂದೆ ಕೊಡೆ ನೆಟ್ಟುಕೊಂಡು ಕೂತವನ ಬಳಿ ಹೋದೆವು. ಎಡಗೆನ್ನೆಯ ಮೇಲೆ ಸುಟ್ಟ ಕಲೆ ಇದ್ದ, ನಗುನಗುತ್ತ ಮಾತಾಡುವ ಮನುಷ್ಯ. ಅವ್ವನ ಬೆರಳನ್ನು ತಾನೇ ಹಿಡಿದು ಮಷೀನಿನ ಮೇಲೆ ಒತ್ತಿದ. "ರಾಲೇದಮ್ಮಾ, ಇಂಕೋಸಾರಿ" ಎಂದ. ತೆಲುಗಿನಲ್ಲಿ, ಬರಲಿಲ್ಲ, ಇನ್ನೊಮ್ಮೆ ಎಂದು. ಅವ್ವ ಕೂದಲಿಗೆ ಉಜ್ಜಿ ಇಟ್ಟಳು. ಮತ್ತೆ ರಾಲೇದು. ಹೀಗೇ ನಾಲ್ಕು ಸಲ ಒತ್ತಿಸಿಕೊಂಡು, ಕಡೆಯದಕ್ಕೆ ಬಂತೆಂದು ಒಂದು ಸಿಮ್ ಕೊಟ್ಟ.

"ನಮ್ಮ ಕೈನ ಹಂಗ ಐತಪ್ಪಾ, ನಿನಗ ಸುಮ್ನ ತ್ರಾಸು" ಎಂದು ಅವ್ವ ಅವನಿಗೇ ಸಮಾಧಾನ ಹೇಳಿದಳು. ಕಳ್ಳನಿಗೆ ಸಮಾಧಾನ!

ಕೆಲವು ತಿಂಗಳ ನಂತರ ಮನೆಯ ಮುಂದೆ ಪೊಲೀಸರ ಜೀಪು ನಿಂತಿತು. ಅವ್ವನ ಹೆಸರಿನ ಸಿಮ್ಮಿನಿಂದ ಯಾವನೋ ದೂರದ ಊರಿನ ಕಾಲೇಜು ಹುಡುಗಿಗೆ ದಿನವೂ ಫೋನು ಮಾಡಿ ಹೊಲಸು ಮಾತಾಡಿದ್ದನಂತೆ. ಹುಡುಗಿ ದೂರು ಕೊಟ್ಟಿದ್ದಳು. ನಂಬರಿನ ಬೆನ್ನು ಹತ್ತಿ ಹೋದರೆ ಪೊಲೀಸರಿಗೆ ಸಿಕ್ಕಿದ್ದು ನಮ್ಮವ್ವನ ಫೋಟೊ, ನಮ್ಮವ್ವನ ಹೆಬ್ಬೆಟ್ಟು. ಆ ನಂಬರನ್ನು ಅವ್ವ ಕಣ್ಣಿನಿಂದ ಕಂಡವಳೂ ಅಲ್ಲ. ಅವತ್ತು ಅವಳನ್ನೂ ಸ್ಟೇಷನ್ನಿಗೆ ಕರೆದೊಯ್ದು ವಿಚಾರಿಸಿ ಬಿಟ್ಟರು. ಆದರೆ ಮನೆಯಲ್ಲಿರುವ ಗಂಡಸು ಅಣ್ಣ ಒಬ್ಬನೇ. ಅವನ ಮೇಲೆ ಕಣ್ಣು ಬಿತ್ತು. ಅವನ ಫೋನು ಕಸಿದುಕೊಂಡರು, ದಿನ ಬಿಟ್ಟು ದಿನ ಸ್ಟೇಷನ್ನಿಗೆ ಕರೆಸಿ ಕೂರಿಸಿದರು. ಇವತ್ತು ಬಿಟ್ಟಾರು, ನಾಳೆ ಒಳಗೆ ಹಾಕಿಯಾರು ಎನ್ನುವ ಹೆದರಿಕೆಯಲ್ಲಿ ಅತ್ತಿಗೆ ಅನ್ನ ಬಿಟ್ಟಳು.

ಓಣಿಗೆ ಅಷ್ಟು ಸಾಕಾಯಿತು. "ಬೆಂಕಿ ಇಲ್ದ ಹೊಗಿ ಆಡ್ತದೇನು? ಅವ್ವನ ಹೆಸರಿನ್ಯಾಗ ಮಗಾ ಮಾಡ್ಯಾನ, ಅಕಿಗೂ ಗೊತ್ತಿರಬೇಕು" ಎಂದು ಬಾಯಿಂದ ಬಾಯಿಗೆ ಹೋಯಿತು. ಪಕ್ಕದ ಮನೆಯ ಕುಬಸಕ್ಕೆ ಅವ್ವನನ್ನು ಕರೆಯಲೇ ಇಲ್ಲ. ಅವ್ವ ಹೊರಗೆ ಬರುವುದನ್ನೇ ಬಿಟ್ಟಳು. ಓಣಿಗೆಲ್ಲ ಕೇಳುವ ಬಾಯಿಯ ನಮ್ಮವ್ವ ಮಗ್ಗದ ಮುಂದೆ ತುಟಿ ಹೊಲಿದುಕೊಂಡು ಕೂತುಬಿಟ್ಟಳು.

ನಾನು ಸ್ಟೇಷನ್ನಿಗೆ ಹೋದೆ. ಎಸ್‌ಐ ಸಾಹೇಬರು, "ನಿಮ್ಮವ್ವನ ಹೆಸರಿನ್ಯಾಗ ನಾಲ್ಕು ಸಿಮ್ ಅದಾವ್ರಿ ಟೀಚರಮ್ಮಾ, ಎಲ್ಲಾ ಒಂದೇ ದಿನಾ ತೊಗೊಂಡದ್ದು" ಎಂದರು. ಆಗ ನನ್ನ ತಲೆಗೆ ಹೊಳೆಯಿತು. ಆ ಭಾಡ್ಯಾ ರಾಲೇದು ಎಂದ ಪ್ರತಿ ಸಲವೂ ಅವ್ವನ ಹೆಬ್ಬೆಟ್ಟು ಬಂದಿತ್ತು! ಒಂದೊಂದು ಒತ್ತಿಗೂ ಒಂದೊಂದು ಸಿಮ್ ಹುಟ್ಟಿಸಿ, ಒಂದನ್ನು ಅವ್ವನಿಗೆ ಕೊಟ್ಟು ಉಳಿದವನ್ನು ಮಾರಿಕೊಂಡಿದ್ದ. ಸಾಹೇಬರು ಸಾಕ್ಷಿ ಕೇಳಿದರು. ತರುತ್ತೇನೆ ಎಂದು ಎದ್ದು ಬಂದೆ.

ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ಇರಲಿಲ್ಲ. ರಜೆ ಬಂದರೆ ಸಾಕು, ಊರೂರು ತಿರುಗಿದೆ. ಮಕ್ತಲದ ಸಂತೆ ನೋಡಿದೆ, ಕೊತ್ತಪಲ್ಲಿ, ಗುಂಡುಮಾಲ್ ನೋಡಿದೆ. ನನ್ನ ಗಂಡ, "ಹುಚ್ಚು ಹಿಡದೈತೇನು ನಿನಗ?" ಎಂದರು. ಹೌದು, ಹಿಡಿದಿತ್ತು. ರೊಟ್ಟಿ ಬಡಿಯುವಾಗಲೂ ಅವನ ಕೆನ್ನೆಗೇ ಬಡಿಯುತ್ತಿದ್ದೇನೆ ಎಂದುಕೊಳ್ಳುತ್ತಿದ್ದೆ. ಕಡೆಗೆ ಗದ್ವಾಲದ ಮಾರ್ಕೆಟ್ಟಿನ ಹತ್ತಿರ ಅದೇ ಕೊಡೆ, ಅದೇ ಸುಟ್ಟ ಕಲೆ ಕಣ್ಣಿಗೆ ಬಿತ್ತು. ಅಲ್ಲಿಯೂ ನೇಕಾರರ ಊರೇ ನೋಡಿಕೊಂಡು ಕೂತಿದ್ದ. ಚಪ್ಪಲಿಗೆ ಹೋದ ಕೈಯನ್ನು ತಡೆದುಕೊಂಡು, ಸದ್ದಿಲ್ಲದೆ ವಾಪಸು ಬಂದು ಸಾಹೇಬರಿಗೆ ಹೇಳಿದೆ. ಅವರು ಗದ್ವಾಲದ ಸ್ಟೇಷನ್ನಿಗೆ ತಿಳಿಸಿ, ಸಾದಾ ಸೀರೆಯಲ್ಲಿ ಒಬ್ಬ ಲೇಡಿ ಕಾನ್‌ಸ್ಟೇಬಲನ್ನು ನನ್ನ ಜೊತೆಗೆ ಕಳಿಸಿದರು.

ಅವತ್ತು ಅವ್ವನ ಹಳೆಯ ಸೀರೆ ಉಟ್ಟು, ತಲೆಗೆ ಎಣ್ಣೆ ಸುರುವಿಕೊಂಡು ಹೋಗಿ, ಹೊಸ ಸಿಮ್ ಬೇಕೆಂದು ಆಧಾರ್ ಕಾರ್ಡು ಕೊಟ್ಟು ಅವನ ಮುಂದೆ ಕೂತೆ. "ಮಗ್ಗದೋರಾ?" ಎಂದು ಕೇಳಿದ. "ಹೌದ್ರಿ, ಮಗ್ಗದ ಮನೀನ" ಎಂದೆ. ನನ್ನ ಬೆರಳು ಹಿಡಿದು ಒತ್ತಿದ.

"ರಾಲೇದಮ್ಮಾ."

"ಅಯ್ಯ, ಯಾಕ್ರಿ?" ಎಂದೆ.

"ಮಗ್ಗದ ಕೈ ಅಲ್ಲೇನ್ರಿ, ಸವೆದು ಹೋಗಿರ್ತಾವ. ಇನ್ನೊಮ್ಮೆ ಇಡ್ರಿ."

ಇಟ್ಟೆ. ಮತ್ತೆ ರಾಲೇದು ಎಂದ. ಅವನು ಮೂರನೆಯ ಸಲ ನನ್ನ ಬೆರಳಿಗೆ ಕೈ ಹಾಕುವಷ್ಟರಲ್ಲಿ ನಾನು ಅವನ ಮಣಿಕಟ್ಟು ಹಿಡಿದೆ.

"ಈ ಕೈ ಮಗ್ಗ ಮುಟ್ಟೇ ಇಲ್ಲಲೇ! ಸಾಲ್ಯಾಗ ಖಡು ಹಿಡದು ಬೋರ್ಡಿನ ಮ್ಯಾಲ ಬರಿಯೋ ಕೈ ಇದು. ದಿನಾ ಮುಂಜಾನಿ ಹಾಜರಿ ಮಷಿನ್‌ಗೆ ಒತ್ತತೀನಿ, ಒಂದಿನಾನೂ ಬರಲಿಲ್ಲ ಅಂದಿಲ್ಲ. ನಿನ್ನ ಮಷಿನ್‌ಗೇನು ಧಾಡಿ ಬಡದೈತಿ?"

ಕಾನ್‌ಸ್ಟೇಬಲ್ ಅವನ ಮಷೀನನ್ನೂ ಫೋನನ್ನೂ ಕಸಿದು ನೋಡಿದಳು. ನನ್ನ ಹೆಸರಿನಲ್ಲಿ ಆಗಲೇ ಎರಡು ಸಿಮ್ ಎದ್ದು ಕೂತಿದ್ದವು. ಅವನು ಅಳತೊಡಗಿದ. "ಅಕ್ಕಾ, ತಪ್ಪಾತು, ಸಣ್ಣ ಮಕ್ಳದಾವ" ಎಂದ. "ನಮ್ಮಣ್ಣಗೂ ಅದಾವಲೇ" ಎಂದೆ. ಅವನ ಮೂಗು ಸೋರುವುದನ್ನು ನೋಡಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳೇಕೆ ಹೇಳಲಿ?

ಅಣ್ಣನನ್ನು ಕರೆಸುವುದು ನಿಂತಿತು. ಆ ವಾರವೇ ನಾನು ಓಣಿಯ ಮನೆಮನೆಗೆ ಹೋದೆ. ಆಧಾರಿನ ಬೆರಳಚ್ಚಿಗೆ ಫೋನಿನಿಂದಲೇ ಬೀಗ ಹಾಕಬಹುದು, ಬೇಕಾದಾಗ ತೆಗೆದುಕೊಳ್ಳಬಹುದು. ನಮ್ಮ ಹೆಸರಿನಲ್ಲಿ ಎಷ್ಟು ನಂಬರು ಓಡುತ್ತಿವೆ ಎಂದು ಸರ್ಕಾರದ ವೆಬ್‌ಸೈಟಿನಲ್ಲಿ ನೋಡಬಹುದು. ಇದನ್ನೆಲ್ಲ ಒಬ್ಬೊಬ್ಬರಿಗೂ ಮಾಡಿ ತೋರಿಸಿದೆ. ನಮ್ಮವ್ವನ ಮೇಲೆ ನಾಲಿಗೆ ಹರಿಬಿಟ್ಟವರ ಮನೆಗೂ ಹೋದೆ. ಅವರಲ್ಲಿಬ್ಬರ ಹೆಸರಿನಲ್ಲೂ ಕಳ್ಳ ಸಿಮ್ ಸಿಕ್ಕವು. ಅವರ ಮುಖ ಬಿಳಿಚಿದ್ದನ್ನು ಕಣ್ತುಂಬ ನೋಡಿಕೊಂಡೇ ಎದ್ದೆ.

ಆಮೇಲೆ ಅವ್ವನಿಂದ ಗುರುತು ಹಿಡಿಸಿ ಪಂಚನಾಮೆ ಬರೆಯಲೆಂದು ಪೊಲೀಸರು ಆ ಸಿಮ್ಮಿನವನನ್ನು ನಮ್ಮ ಓಣಿಗೆ ಕರೆತಂದರು. ಮಗ್ಗಗಳ ಸದ್ದು ನಿಂತು ಜನವೆಲ್ಲ ಸೇರಿತು. ಅವ್ವ ಎಷ್ಟೋ ದಿನಗಳ ಮೇಲೆ ಹೊಸ್ತಿಲು ದಾಟಿ ಕಟ್ಟೆಗೆ ಬಂದು ನಿಂತಳು. ಅವನು ಅವಳ ಕಾಲಿಗೆ ಬೀಳಲು ಬಗ್ಗಿದ. ಅವ್ವ ಕಾಲು ಹಿಂದಕ್ಕೆ ತೆಗೆದುಕೊಂಡಳು.

"ನನ್ನ ಹೆಸರ್ಲೆ ಆ ಹುಡುಗಿಗೆ ಏನೇನ್ ಅಂದ್ರು, ನಿನಗ ಗೊತ್ತೈತೇನು?"

"ನಾ ಸಿಮ್ ಅಷ್ಟ ಮಾರೀನಿ, ಅಮ್ಮಾ. ಮಾತು ನನಗ ಗೊತ್ತಿಲ್ಲ."

"ನನಗ ಗೊತ್ತೈತಿ. ಸ್ಟೇಷನ್ನಿನ್ಯಾಗ ನನ್ನ ನಿಲ್ಲಿಸಿ ಅಕಿ ಬರದ ದೂರು ಒಂದಕ್ಷರಾ ಬಿಡದಂಗ ಓದಿ ಹೇಳ್ಯಾರ. ಮಗಳಿಗೂ ಹೇಳಿಲ್ಲ ನಾನು. ಕೇಳು."

ಅವ್ವ ಹೇಳತೊಡಗಿದಳು. ಹಣೆಯ ವಿಭೂತಿಯ ಕೆಳಗಿನ ಆ ಬಾಯಿಯಿಂದ, ಗಂಡಸರು ಕುಡಿದಾಗಲೂ ಆಡದ ಮಾತುಗಳು ಒಂದರ ಹಿಂದೆ ಒಂದು ಬಂದವು. ಅವನು ತಲೆ ಎತ್ತಲಿಲ್ಲ. ಅಣ್ಣ ಗೋಡೆಯ ಕಡೆ ತಿರುಗಿದ. ಸುತ್ತ ನಿಂತ ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಂಡರು.

ಅವ್ವ ಅವರ ಕಡೆ ತಿರುಗಿದಳು.

"ಕಿವಿ ಯಾಕ ಮುಚ್ಚತೀರೇ? ಇವು ನಮ್ಮನಿ ಮಾತು ಅಂತ ನಂಬಿದ್ರಲ್ಲ, ಕೈ ತಗೀರಿ. ಇನ್ನೂ ಮುಗಿದಿಲ್ಲ."