ಮುಯ್ಯಾಳು ಕಲಿಸಿದ ಮೈತ್ರಿ

ಚನ್ನರಾಯಪಟ್ಟಣದ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ರಾಷ್ಟ್ರಗಳು ಯಾಕೆ ಮೈತ್ರಿ ಮಾಡಿಕೊಳ್ಳುತ್ತವೆ ಎಂಬ ಪಾಠವನ್ನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲೆ. ಒಬ್ಬರ ಮೇಲೆ ಬಿದ್ದರೆ ಎಲ್ಲರ ಮೇಲೆ ಬಿದ್ದಂತೆ, ಮಾತಿಗೆ ತಪ್ಪಿದರೆ ಒಪ್ಪಂದ ಬರೀ ಕಾಗದ, ಇತ್ಯಾದಿ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಆ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ನಮ್ಮ ಮನೆ ಸಾಲಗಾಮೆ ಕಡೆ. ಅರ್ಧ ಎಕರೆ ಆಲೂಗೆಡ್ಡೆಯನ್ನು ಅತ್ತೆ ಮೊದಲಿಂದಲೂ ಮುಯ್ಯಾಳಿನಲ್ಲೇ ಬೆಳೆದವರು. ಅಂದರೆ ಇವತ್ತು ನಾವು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ಕೂಲಿಯ ಮಾತೇ ಇಲ್ಲ. ಹೋದ ವರ್ಷ ಬಿತ್ತನೆ ಹೊತ್ತಿಗೇ ಅತ್ತೆಗೆ ಮಂಡಿ ಆಪರೇಷನ್ ಆಯಿತು. ಶನಿವಾರ ಪಕ್ಕದ ಹೊಲದ ಅಕ್ಕನ ಬಿತ್ತನೆಗೆ ಅವರ ಬದಲು ನಾನು ಹೋಗಬೇಕಿತ್ತು. ರಜೆ ಹಾಕಲು ಮನಸ್ಸಾಗದೆ ಕೂಲಿಯವಳೊಬ್ಬಳನ್ನು ಕಳಿಸಿ, ಜಾಣೆ ನಾನು ಅಂದುಕೊಂಡೆ. ಅಕ್ಕ ಅವಳಿಗೆ ರೊಟ್ಟಿ ಕೊಟ್ಟು, ಮರ್ಯಾದೆಯಿಂದ ಮಾತಾಡಿಸಿ, ವಾಪಸ್ ಕಳಿಸಿಬಿಟ್ಟರು.

ಭಾನುವಾರ ನಮ್ಮ ಸರದಿ. ಬಿತ್ತನೆ ಗೆಡ್ಡೆಯನ್ನೆಲ್ಲ ಹೋಳು ಮಾಡಿ ಇಟ್ಟಾಗಿತ್ತು. ಹೋಳು ಮಾಡಿದ ಮೇಲೆ ಅದು ಕಾಯುವುದಿಲ್ಲ, ಕೊಳೆಯುತ್ತದೆ. ಎಂಟು ಗಂಟೆಯಾದರೂ ಯಾರೂ ಬರಲಿಲ್ಲ. ಅತ್ತೆ ಜಗಲಿಯಲ್ಲಿ ಕೂತು ಮೋಡ ನೋಡುತ್ತಿದ್ದರು, ನನಗೊಂದು ಮಾತೂ ಅನ್ನಲಿಲ್ಲ. ಅವರ ವರ್ಷದ ಬೆಳೆ ನನ್ನಿಂದ ಹಾಳಾಗುತ್ತದಲ್ಲಪ್ಪಾ ಎಂದು ಸಂಕಟವಾಯಿತು. ಸಂಕಟವಾದರೆ ನನಗೆ ಬರುವುದು ಕೋಪ, ಅದಂತೂ ಮೂಗಿನ ತುದಿಯಲ್ಲೇ ಇರುತ್ತದೆ. ದಾಪುಗಾಲು ಹಾಕಿಕೊಂಡು ಅಕ್ಕನ ಹೊಲಕ್ಕೆ ಹೋದೆ.

"ಮುಯ್ಯಿ ತೀರಿಸ್ಕೊಳ್ತಿದ್ದೀರಾ ಅಕ್ಕಾ?" ಎಂದೆ. ನಮ್ಮ ಭಾಷೆಯೂ ಚೆನ್ನಾಗಿದೆ, ನೆರವಿಗೂ ಅದೇ ಮಾತು, ಸೇಡಿಗೂ ಅದೇ ಮಾತು!

ಸೊಸೆಯ ಜೊತೆ ಬಗ್ಗಿ ಗೆಡ್ಡೆ ಇಡುತ್ತಿದ್ದ ಅಕ್ಕ ಸೊಂಟ ನೆಟ್ಟಗೆ ಮಾಡಿ ನಕ್ಕರು.

"ನಿಮ್ಮತ್ತೆ ಮ್ಯಾಲೆ ನಂಗ್ಯಾತರ ಸೇಡವ್ವ? ನಿಮ್ಮನೆಯೋರು ಬರ್ನಿಲ್ಲ, ಅರ್ಧ ಹೊಲ ಅಂಗೇ ನಿಂತೈತೆ. ಇದ್ನ ಬುಟ್ಟು ಎಂಗ್ ಬರ್ಲಿ?"

"ಆಳು ಕಳಿಸಿದ್ನಲ್ಲ?"

"ಆಳು ನಂಗೆ ಸಿಕ್ತಿರ್ನಿಲ್ವಾ? ಕಾಲೇಜೈತೆ ಅಂತ ಒಂದ್ ಮಾತ್ ಏಳಿದ್ರೆ ಬಿತ್ನೆನೇ ಮುಂದಕ್ಕಾಕ್ತಿದ್ದೆ ಕಣವ್ವ."

ನನಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಸೀರೆ ಎತ್ತಿ ಕಟ್ಟಿ ಸಾಲಿಗಿಳಿದೆ. ಮೊಳಕೆಯ ಕಣ್ಣು ಮೇಲಿರಬೇಕಾದ ಹೋಳನ್ನು ನಾನು ಬೋರಲು ಇಡುತ್ತಿದ್ದೆ. "ಅಯ್ಯೋ ಅತ್ತೆ, ಮೇಡಮ್ಮೋರು ಗೆಡ್ಡೆಗೆ ಕಣ್ಣಾಮುಚ್ಚಾಲೆ ಆಡುಸ್ತವ್ರೆ!" ಎಂದು ಸೊಸೆ ನಕ್ಕಿದ್ದೇ ನಕ್ಕಿದ್ದು. ಮಧ್ಯಾಹ್ನದೊಳಗೆ ಅಲ್ಲಿ ಮುಗಿಸಿ, ನಮ್ಮಲ್ಲಿ ಮುದ್ದೆ ಉಂಡು, ಮೂವರೂ ನಮ್ಮ ಹೊಲಕ್ಕಿಳಿದೆವು. ಅತ್ತೆ ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು, "ಒತ್ತಾಗಾಯ್ತು, ಒಸಿ ದೂರ ಮಡಗು" ಎಂದು ಕೂಗುತ್ತಲೇ ಇದ್ದರು. ಅವರಿಗೆ ಬಾಯಿ ಬಂದಿತ್ತು, ನನಗೆ ಜೀವ ಬಂದಿತ್ತು. ಕೊನೆಯ ಸಾಲಿಗೆ ಮಣ್ಣು ಮುಚ್ಚುವ ಹೊತ್ತಿಗೆ ಹನಿ ಶುರುವಾಯಿತು.

ಕೈ ತೊಳೆಯುತ್ತಾ ಖುಷಿಯಲ್ಲಿ ಅಂದೆ, "ಇಬ್ಬರದೂ ಸರಿಹೋಯ್ತು ಅಕ್ಕಾ, ಯಾರದೂ ಬಾಕಿ ಇಲ್ಲ."

"ಬುಡ್ತು ಅನ್ನು!" ಅಕ್ಕ ಗದರಿದರು. "ಸರಿಯಾಗೋದ್ರೆ ಮುಗುದೇ ಓಯ್ತಲ್ಲ. ನೀನು ಒಬ್ಳು ಬಂದೆ, ನಾವು ಇಬ್ರು ಬಂದ್ವಿ. ನನ್ ಸೊಸೆ ಅರ್ಧ ದಿನ ನಿನ್ ಮ್ಯಾಲಿರ್ಲಿ. ಅದಿರಗಂಟ ನೀನು ಬತ್ತೀಯ, ನಾವೂ ಬತ್ತೀವಿ."

ಬಿಡ್ತು ಅಂದೆ. ಆಮೇಲೆ ಮಣ್ಣು ಏರಿಸಲು ಹೋದೆ, ಗೆಡ್ಡೆ ಕೀಳಲು ಹೋದೆ, ಈ ವರ್ಷದ ಬಿತ್ತನೆಗೂ ರಜೆ ಹಾಕಿ ಹೋದೆ. ಪ್ರತಿ ಸಲವೂ ಅವರು ನಮ್ಮಲ್ಲಿಗೆ ಇಬ್ಬರು ಬರುತ್ತಾರೆ. ಆ ಅರ್ಧ ದಿನ ಇನ್ನೂ ನನ್ನ ಮೇಲೇ ಇದೆ.