ಹಾಡಿನ ಜೊತೆಗೊಂದು ಚೀಟಿ

ರೇಡಿಯೋ ರಿಪೇರಿಯವನು ಹಳೆಯ ಕ್ಯಾಸೆಟ್‌ಗಳ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿ, ಅಂತರ್ಜಾಲದಲ್ಲಿ ಪುಕ್ಕಟೆ ಹಂಚುತ್ತಿದ್ದ. ಪ್ರತಿ ಹಾಡಿನ ಜೊತೆಗೂ ಸಣ್ಣದೊಂದು ಬರಹದ ಫೈಲು ಇಡುತ್ತಿದ್ದ. ಹಾಡಿದವರು, ನುಡಿಸಿದವರು ಯಾರು, ಟೇಪು ಎಲ್ಲಿ ಸವೆದಿದೆ, ಎಲ್ಲ ಅದರಲ್ಲಿರುತ್ತಿತ್ತು. ಕ್ಯಾಸೆಟ್ಟಿನ ಡಬ್ಬಿಯ ಮೇಲಿಲ್ಲದ ಹೆಸರುಗಳನ್ನು ಹಳೆಯ ಕಲಾವಿದರಿಗೆ ಫೋನು ಮಾಡಿ ಕೇಳುತ್ತಿದ್ದ. ಬರೆದೂ ಬರೆದೂ ಬೆನ್ನು ಹಿಡಿದುಕೊಂಡಿತ್ತು.

"ಹಾಡೇನೋ ಕೇಳ್ತಾರೆ, ಈ ಚೀಟಿ ಯಾರು ಓದ್ತಾರ್ರೀ?" ಎಂದಳು ಹೆಂಡತಿ.

"ಯಾರೂ ಓದಲ್ಲ ಕಣೆ. ನಂಗೂ ಸಾಕಾಗಿದೆ."

ಮುಂದಿನ ಮೂರು ಹಾಡುಗಳನ್ನು ಚೀಟಿಯಿಲ್ಲದೆ ಬಿಟ್ಟ.

ವಾರದೊಳಗೆ ಅಪರಿಚಿತ ಹೆಂಗಸೊಬ್ಬಳು ಬರೆದಳು: "ಅಣ್ಣಾ, ಹಿಂದಿನ ಚೀಟಿಯಲ್ಲಿ ಪಿಟೀಲು ನುಡಿಸಿದವರು ಅಂತ ನಮ್ಮಮ್ಮನ ಹೆಸರಿತ್ತು. ಬೇರೆಲ್ಲೂ ಯಾರೂ ಹಾಕಿರಲಿಲ್ಲ. ಈ ಮೂರರಲ್ಲೂ ಅಮ್ಮ ಇದ್ದಾರಾ?"

ಅವನು ಉಸ್ಸೆಂದು ಕುರ್ಚಿ ಎಳೆದುಕೊಂಡ. ವಿಚಾರಿಸಿ, ಮೂರಕ್ಕೂ ಚೀಟಿ ಬರೆದ. ಎರಡರಲ್ಲಿ ಆಕೆಯ ತಾಯಿಯೇ ನುಡಿಸಿದ್ದರು.